210 ಗ್ರಾಂ ತೂಕದ ಬಾಲ್ ಪೈಥಾನ್‌ಗೆ ಎಷ್ಟು ದೊಡ್ಡ ಇಲಿ ಕೊಡಬೇಕು?

ನೀವು ಕೇಳಿರೋದು ಇಷ್ಟು. ಕಲಬುರಗಿಯಲ್ಲಿದ್ದೀರಿ. ಬೆಂಗಳೂರಿನ ಗೆಳೆಯರೊಬ್ಬರು ವಿದೇಶಕ್ಕೆ ಹೋಗುವಾಗ ತಮ್ಮ ಬಾಲ್ ಪೈಥಾನ್, ಅಂದರೆ ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವನ್ನು ನಿಮ್ಮ ಕೈಗೆ ಕೊಟ್ಟು ಹೋಗಿದ್ದಾರೆ. ತೂಕ 210 ಗ್ರಾಂ. ಅವರು ವಾರಕ್ಕೊಂದು ಸಣ್ಣ ಇಲಿ ಹಾಕುತ್ತಿದ್ದರು. ನಿಮಗೆ ಅದು ಸಾಲದು ಅನಿಸುತ್ತಿದೆ. ಅಷ್ಟಗಲ ಬಾಯಿ ತೆರೆಯುತ್ತೆ, ದೊಡ್ಡದು ಕೊಟ್ಟರೆ ಬೇಗ ಬೆಳೆಯುತ್ತೆ ಅಲ್ವಾ ಅಂತ ಕೇಳಿದ್ದೀರಿ. ಜೊತೆಗೆ ಅಂಗಡಿ ಚಿಕನ್ ನಡೆಯುತ್ತಾ ಅಂತಲೂ ಕೇಳಿದ್ದೀರಿ.

ನಾನು ಬೀದರ್‌ನವನು. ಮನೆಯಲ್ಲಿ ಒಂದು ಬಾಲ್ ಪೈಥಾನ್, ಒಂದು ಕಾರ್ನ್ ಸ್ನೇಕ್ ಇವೆ. ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಈ ವಯಸ್ಸಿನ ಬಾಲ್ ಪೈಥಾನ್‌ಗೆ ಅದರ ತೂಕದ ಶೇ. 10ರಿಂದ 15ರಷ್ಟು ಊಟ ಸಾಕು. ನಿಮ್ಮದಕ್ಕೆ 20ರಿಂದ 30 ಗ್ರಾಂ ಅಂತಾಯಿತು. ಮಾರುವವರು ಮೌಸ್ ಅನ್ನುವ ಸಣ್ಣ ಬಿಳಿ ಇಲಿ ಪೂರ್ತಿ ಬೆಳೆದರೆ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಅಂಥದ್ದು ಒಂದು, ವಾರಕ್ಕೊಮ್ಮೆ. ನಿಮ್ಮ ಗೆಳೆಯರು ಕೊಡುತ್ತಿದ್ದದ್ದು ಇದೇ ಇದ್ದೀತು.

ಬಾಯಿ ವಿಷಯಕ್ಕೆ ಬರೋಣ. ಬಹಳ ಜನ ಎಡವೋದು ಇಲ್ಲೇ. ಹಾವಿನ ಕೆಳದವಡೆಯ ಎಡ ಬಲ ಭಾಗಗಳು ನಮ್ಮ ಗದ್ದದ ಹಾಗೆ ಮುಂದೆ ಒಂದಾಗಿ ಬೆಸೆದಿರುವುದಿಲ್ಲ. ನಡುವೆ ಹಿಗ್ಗುವ ನಾರು ಇದೆ. ಹಿಂದುಗಡೆ ದವಡೆಯನ್ನು ತಲೆಗೆ ಸೇರಿಸುವ ಮೂಳೆಯೂ ಚೆನ್ನಾಗಿ ಹೊರಳುತ್ತದೆ. ದವಡೆ ಕಳಚಿ ನುಂಗುತ್ತೆ ಅನ್ನೋದು ಸುಳ್ಳು, ಏನೂ ಕಳಚುವುದಿಲ್ಲ. ನುಂಗುವಾಗ ಹತ್ತಿರ ಕೂತು ನೋಡಿ. ಇಲಿಯ ತಲೆ ಒಳಗೆ ಹೋದ ಮೇಲೆ ಎಡದವಡೆ ಒಂದಿಷ್ಟು ಮುಂದೆ ಸರಿದು ಹಲ್ಲೂರುತ್ತದೆ, ಆಮೇಲೆ ಬಲದವಡೆ. ಹಿಂದಕ್ಕೆ ಬಾಗಿದ ಸಣ್ಣ ಹಲ್ಲುಗಳು ಇಲಿಯನ್ನು ಜಾರಲು ಬಿಡುವುದಿಲ್ಲ. ಹೀಗೆ ಬಾಯಿಯೇ ಇಲಿಯ ಮೇಲೆ ಹೆಜ್ಜೆ ಹಾಕುತ್ತಾ ಹೋಗುತ್ತದೆ. ಕೊನೆಗೆ ಬಾಲವೊಂದೇ ಹೊರಗೆ ಉಳಿದಾಗ ಕತ್ತಿನಲ್ಲಿ ಒಂದು ಅಲೆ ಎದ್ದು ಅದೂ ಒಳಗೆ ಹೋಗುತ್ತದೆ. ಆಮೇಲೆ ಒಂದೆರಡು ಸಲ ಅಗಲವಾಗಿ ಬಾಯಿ ತೆರೆದು ದವಡೆ ಸರಿಮಾಡಿಕೊಳ್ಳುತ್ತದೆ. ಅದನ್ನು ನೋಡಿ ಇನ್ನೊಂದು ಕೇಳುತ್ತಿದೆ ಅಂದುಕೊಳ್ಳಬೇಡಿ.

ಹಾಗಾಗಿ ಬಾಯಿ ನೋಡಿ ಅಳತೆ ಮಾಡಿದರೆ ಕೆಡುತ್ತದೆ. ತಲೆಗಿಂತ ಎಷ್ಟೋ ದಪ್ಪದ್ದನ್ನು ಅದು ನುಂಗಬಲ್ಲದು. ನುಂಗಿದ್ದನ್ನೆಲ್ಲ ಅರಗಿಸಬಲ್ಲದು ಅಂತೇನಿಲ್ಲ. ನೋಡಬೇಕಾದ್ದು ನಡುವನ್ನು. ಹಾವಿನ ಮೈ ಎಲ್ಲಿ ಅತಿ ದಪ್ಪ ಇದೆಯೋ ಅಲ್ಲಿನ ಅಗಲಕ್ಕೆ ಇಲಿಯ ಸೊಂಟದ ಅಗಲ ಸಮ ಇರಬೇಕು. ಬೇಕಿದ್ದರೆ ಕಾಲು ಭಾಗ ಜಾಸ್ತಿ ಇರಲಿ. ಒಂದೂವರೆಪಟ್ಟು ತನಕ ಹೋಗಬಹುದು ಅನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ, ಅದರಿಂದ ಸಿಗುವ ಲಾಭವಾದರೂ ಏನು? ಸಾಲಲಿಲ್ಲ ಅಂದರೆ ಮುಂದಿನ ವಾರ ಸ್ವಲ್ಪ ದೊಡ್ಡದು ಕೊಡಬಹುದು. ಜಾಸ್ತಿಯಾದರೆ ವಾಪಸ್ ತೆಗೆಯೋಕೆ ಆಗಲ್ಲ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ತಂದಿಟ್ಟುಕೊಳ್ಳಿ. ಹಾವನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ತೂಗಿ, ಖಾಲಿ ಡಬ್ಬಿಯ ತೂಕ ಕಳೆಯಿರಿ. ಊಟಕ್ಕೆ ಮೊದಲು ತೂಗಬೇಕು, ಆದಮೇಲೆ ಅಲ್ಲ. ತಿಂಗಳಿಗೊಮ್ಮೆ ತೂಗಿ ಬರೆದಿಟ್ಟರೆ ಸಾಕು. ಕಣ್ಣಳತೆ ಮೋಸ ಮಾಡುತ್ತದೆ, ಅದರಲ್ಲೂ ಬಾಲ್ ಪೈಥಾನ್ ಸುರುಳಿ ಸುತ್ತಿ ಕೂತಾಗ ಇರೋದಕ್ಕಿಂತ ದಪ್ಪ ಕಾಣುತ್ತದೆ.

ಊಟ ಸರಿಯಾಗಿತ್ತೋ ಇಲ್ಲವೋ ಅಂತ ಹಾವಿನ ಮೈಯೇ ಹೇಳುತ್ತದೆ. ತಿಂದ ಮೇಲೆ ನಡುವಿನಲ್ಲಿ ಸಣ್ಣ ಉಬ್ಬು ಕಾಣಬೇಕು, ಒಂದೆರಡು ದಿನದಲ್ಲಿ ಇಳಿಯಬೇಕು. ಉಬ್ಬೇ ಕಾಣದಿದ್ದರೆ ಊಟ ಸಣ್ಣದಾಯಿತು. ಉಬ್ಬಿದ ಕಡೆ ಹುರುಪೆಗಳು ದೂರ ಸರಿದು ನಡುವಿನ ಚರ್ಮ ಬಿಳಿಯಾಗಿ ಬಿಗಿದಿದ್ದರೆ, ಮೂರನೇ ದಿನವೂ ಉಬ್ಬು ಹಾಗೇ ಇದ್ದರೆ ದೊಡ್ಡದಾಯಿತು. ಊಟವಾದ ಮೇಲೆ ಎರಡು ದಿನ ಹಾವನ್ನು ಕೈಗೆತ್ತಿಕೊಳ್ಳಬೇಡಿ. ಮನೆಗೆ ಬಂದವರು "ತೋರಿಸ್ರೀ" ಅಂತಾರೆ, ಆಗ ಗಟ್ಟಿಯಾಗಿ ಬೇಡ ಅನ್ನಬೇಕು.

ದೊಡ್ಡ ಊಟದಿಂದ ಆಗುವ ಮೊದಲ ತೊಂದರೆ ಅಂದರೆ ಕಕ್ಕುವುದು. ಅರ್ಧ ಕರಗಿದ ಇಲಿ, ಕೋಣೆ ತುಂಬ ಕೊಳೆತ ವಾಸನೆ. ಅದನ್ನು ತೊಳೆದು ಹಾಕಬಹುದು. ಹಾವಿಗೆ ಮಾತ್ರ ಅದು ಭಾರಿ ಪೆಟ್ಟು. ಹೊಟ್ಟೆಯ ಆಮ್ಲ ಮೇಲೆ ಬಂದು ಗಂಟಲು ಸುಡುತ್ತದೆ, ಮೈಯ ನೀರು ಹೋಗುತ್ತದೆ. ಪಾಪ, ಹೊಟ್ಟೆ ಖಾಲಿಯಾಯಿತಲ್ಲ ಅಂತ ಮರುದಿನವೇ ಇನ್ನೊಂದು ಇಲಿ ಕೊಟ್ಟರೆ ಅದನ್ನೂ ಕಕ್ಕುತ್ತದೆ. ನೀರಿಟ್ಟು ಎರಡು ವಾರ ಸುಮ್ನೆ ಬಿಡಿ. ಆಮೇಲೆ ಮೊದಲಿನದರ ಅರ್ಧದಷ್ಟು ಊಟ. ಮತ್ತೆ ಕಕ್ಕಿದರೆ ಡಾಕ್ಟರಿಗೆ ತೋರಿಸಲೇಬೇಕು. ಬೀದರ್‌ನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆಯಲ್ಲ, ಅಲ್ಲಿ ಹಾವು ನೋಡುವವರು ಇದ್ದಾರಾ ಅಂತ ಮೊದಲು ಫೋನ್‌ನಲ್ಲಿ ಕೇಳಿಕೊಂಡು ಹೊರಡಿ.

ಕಕ್ಕದೇ ಅರಗಿಸಿಕೊಂಡರೂ ದೊಡ್ಡ ಊಟ ಪುಕ್ಕಟೆ ಅಲ್ಲ. ಹೆಬ್ಬಾವಿನ ಜಾತಿಯ ಹಾವುಗಳು ಎರಡು ಊಟಗಳ ನಡುವೆ ಹೊಟ್ಟೆ, ಕರುಳಿನ ಕೆಲಸವನ್ನು ಬಹುಪಾಲು ನಿಲ್ಲಿಸಿಬಿಡುತ್ತವೆ. ಊಟ ಬಿದ್ದ ಕೂಡಲೇ ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕು. ಬರ್ಮಾ ಹೆಬ್ಬಾವಿಗೆ ಅದರ ತೂಕದ ಕಾಲು ಭಾಗದಷ್ಟು ಊಟ ಕೊಟ್ಟು ನೋಡಿದವರು ಎರಡೇ ದಿನದಲ್ಲಿ ಹೃದಯದ ಸ್ನಾಯು ಶೇ. 40ರಷ್ಟು ಬೆಳೆದದ್ದನ್ನು ಅಳೆದಿದ್ದಾರೆ. ಕರುಳು, ಲಿವರ್ ಕೂಡ ಹಿಗ್ಗುತ್ತವೆ, ಅರಗಿದ ಮೇಲೆ ಕುಗ್ಗುತ್ತವೆ. ಕಾಡಿನಲ್ಲಿ ಯಾವಾಗಲೋ ಒಮ್ಮೆ ದೊಡ್ಡ ಬೇಟೆ ಸಿಗುವ ಹಾವಿಗೆ ಇದು ಸರಿ. ಡಬ್ಬಿಯಲ್ಲಿ ಕೂತ ಹಾವಿಗೆ ವಾರವಾರವೂ ಹೀಗೆ ಮಾಡಿದರೆ ಉಳಿದದ್ದೆಲ್ಲ ಕೊಬ್ಬಾಗಿ ಲಿವರ್‌ನಲ್ಲಿ ಕೂರುತ್ತದೆ. ಬೇಗ ಬೆಳೆಯುತ್ತದೆ, ನಿಜ. ಆದರೆ ಚೆನ್ನಾಗಿ ಸಾಕಿದರೆ 20–30 ವರ್ಷ ಬದುಕುವ ಪ್ರಾಣಿ ಇದು. ಅದಕ್ಕೇನು ಅವಸರ?

ನಮ್ಮ ಕಡೆ ಬೀಗರಿಗೆ ಬಡಿಸುವ ಹಾಗೆ "ಇನ್ನೊಂದು, ಇನ್ನೊಂದು" ಅಂತ ಒತ್ತಾಯ ಮಾಡೋ ಚಟ ಹಾವಿನ ಹತ್ತಿರ ಬೇಡ. ಬೀಗರಾದರೂ ಕೈ ಅಡ್ಡ ಹಿಡಿಯುತ್ತಾರೆ. ಬಾಲ್ ಪೈಥಾನ್ ಕೊಟ್ಟಿದ್ದನ್ನು ನುಂಗಿಬಿಡುತ್ತದೆ. ಬೆನ್ನುಮೂಳೆ ಹಳ್ಳದಲ್ಲಿ ಮುಚ್ಚಿಹೋಗಿದ್ದರೆ, ಮೈ ತಿರುಗಿಸಿದಾಗ ಮಡಿಕೆ ಬೀಳುತ್ತಿದ್ದರೆ, ಸುಮ್ಮನಿದ್ದಾಗಲೂ ಹುರುಪೆಗಳ ನಡುವೆ ಚರ್ಮ ಕಾಣುತ್ತಿದ್ದರೆ ಅದು ದಷ್ಟಪುಷ್ಟ ಅಲ್ಲ, ಬೊಜ್ಜು.

ಬೆಳೆದಂತೆ ಶೇಕಡಾ ಲೆಕ್ಕ ಇಳಿಯುತ್ತಾ ಹೋಗುತ್ತದೆ. ಅರ್ಧ ಕಿಲೋ ದಾಟಿದ ಮೇಲೆ ನಾನು ಶೇ. 7ರ ಆಸುಪಾಸಿಗೆ ಇಳಿಸುತ್ತೇನೆ, ಅದೂ ಹತ್ತು ಹದಿನೈದು ದಿನಕ್ಕೊಮ್ಮೆ. ಒಂದು ಕಿಲೋ ದಾಟಿದ ದೊಡ್ಡ ಹಾವಿಗೆ ಶೇ. 5 ಸಾಕು, ಮೂರು ನಾಲ್ಕು ವಾರಕ್ಕೊಮ್ಮೆ. ಅಷ್ಟೊತ್ತಿಗೆ ಮೌಸ್ ಬಿಟ್ಟು ಅದಕ್ಕಿಂತ ದೊಡ್ಡ ಜಾತಿಯ ಇಲಿಯಾದ ರ‍್ಯಾಟ್ ಕಡೆ ಹೋಗಿರುತ್ತೀರಿ. ನಾಲ್ಕು ಸಣ್ಣವು ಕೊಡೋದಕ್ಕಿಂತ ಅಳತೆಗೆ ಸರಿಯಾದ ಒಂದು ಕೊಡೋದು ಸಲೀಸು.

ಇನ್ನು ಬಿಸಿಲು, ಚಳಿ. ಬೇರೆ ಊರಿನವರು ಬರೆದ ಲೆಕ್ಕ ನಮ್ಮ ಭಾಗದಲ್ಲಿ ತಪ್ಪೋದು ಇದರಿಂದಲೇ. ಹಾವಿಗೆ ತನ್ನದೇ ಮೈಬಿಸಿ ಇಲ್ಲ. ಹೊರಗಿನ ಬಿಸಿ ಸಿಕ್ಕರೆ ಮಾತ್ರ ಊಟ ಕರಗುತ್ತದೆ. ಡಬ್ಬಿಯ ಒಂದು ಕಡೆ 31–32 ಡಿಗ್ರಿ, ಇನ್ನೊಂದು ಕಡೆ 25–27 ಇರಬೇಕು. ಡಬ್ಬಿಯಡಿ ಹಾಸುವ ಹೀಟ್ ಮ್ಯಾಟ್‌ಗೆ ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಕರೆಂಟ್ ಕೊಡಬೇಡಿ, ಹಾವಿನ ಹೊಟ್ಟೆ ಸುಟ್ಟುಹೋಗುತ್ತದೆ. ಡಿಸೆಂಬರ್ ರಾತ್ರಿ ಕರೆಂಟ್ ಹೋಗಿ ಮ್ಯಾಟ್ ಆರಿದರೆ ಒಳಗಿನ ಇಲಿ ಕರಗುವ ಬದಲು ಕೊಳೆಯುತ್ತದೆ. ಇಲಿಯ ಅಳತೆ ಸರಿ ಇದ್ದರೂ ಕಕ್ಕುತ್ತದೆ. ಚಳಿಗಾಲದಲ್ಲಿ ಮ್ಯಾಟ್ ಅನ್ನು ಇನ್ವರ್ಟರ್ ಲೈನಿಗೆ ಕೊಡಿ. ಆಗದಿದ್ದರೆ ಊಟ ಸಣ್ಣದು ಮಾಡಿ.

ಬೇಸಿಗೆಯಲ್ಲಿ ಉಲ್ಟಾ. ಏಪ್ರಿಲ್–ಮೇನಲ್ಲಿ ಕಲಬುರಗಿ 42 ಡಿಗ್ರಿ ದಾಟಿದಾಗ ಮನೆಯೊಳಗೂ 36–37 ಇರುತ್ತದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ಬಿಸಿಲು ತಡೆದೀತು ಅಂದುಕೊಳ್ಳಬೇಡಿ. ಅಲ್ಲಿ ಅದು ಹಗಲೆಲ್ಲ ನೆಲದಡಿಯ ಬಿಲದಲ್ಲಿ ಇರುತ್ತದೆ. ಡಬ್ಬಿಯನ್ನು ಮನೆಯ ತಂಪು ಕೋಣೆಯಲ್ಲಿ, ನೆಲದ ಮೇಲೆ ಇಡಿ. ಮಾಳಿಗೆಯ ಕೋಣೆ ಬೇಡವೇ ಬೇಡ. ಕೂಲರ್ ಕೋಣೆಯಲ್ಲಿರಲಿ, ಆದರೆ ಗಾಳಿ ನೇರವಾಗಿ ಡಬ್ಬಿಗೆ ಬಡಿಯದಿರಲಿ. ನಮ್ಮ ಒಣ ಹವೆಗೆ ಕೂಲರ್‌ನ ತೇವ ಒಳ್ಳೆಯದೇ. ಊಟ ರಾತ್ರಿ ಕೊಡಿ, ಹಗುರವಾದದ್ದು ಕೊಡಿ. ನೀರಿನ ಬೋಗುಣಿ ಮೈ ಮುಳುಗಿಸುವಷ್ಟು ದೊಡ್ಡದಿರಲಿ.

ಚಿಕನ್ ಬೇಡ. ಬರೀ ಮಾಂಸದಲ್ಲಿ ಮೂಳೆಯ ಸುಣ್ಣದಂಶ, ಲಿವರ್, ಕರುಳು ಯಾವುದೂ ಇಲ್ಲ. ಇಡೀ ಪ್ರಾಣಿ ನುಂಗಿದರೇ ಹಾವಿಗೆ ಅದು ಪೂರ್ತಿ ಊಟ. ಮನೆಯಲ್ಲಿ, ತೊಗರಿ ಹೊಲದಲ್ಲಿ ಬೋನಿಗೆ ಬಿದ್ದ ಇಲಿಯಂತೂ ಮುಟ್ಟಲೇಬೇಡಿ. ಅದು ಪಕ್ಕದ ಮನೆಯವರು ಇಟ್ಟ ಇಲಿ ಪಾಷಾಣ ತಿಂದಿದೆಯೋ ಇಲ್ಲವೋ ನಿಮಗೆ ಗೊತ್ತಾಗಲ್ಲ, ಇಲಿ ಸಾಯೋಕೆ ಕೆಲವು ದಿನ ಹಿಡಿಯುವ ಪಾಷಾಣಗಳೂ ಇವೆ. ಪಂಚಮಿ ಬಂದಾಗ ಮನೆಯ ಹಿರಿಯರು ಹಾಲು ಕೊಡೋಣ ಅಂತ ಬರಬಹುದು. ಹಾಲು ಅರಗುವುದಿಲ್ಲ, ನೀರೇ ಸಾಕು. ಪೂಜೆಯ ಹಾಲು ನಾಗರಕಟ್ಟೆಯ ಕಲ್ಲಿಗೇ ಎರೆಯಲಿ.

ಸಾಕಿದ ಇಲಿ, ಫ್ರೀಜರ್‌ನಲ್ಲಿಟ್ಟದ್ದು ಎಲ್ಲಕ್ಕಿಂತ ಒಳ್ಳೆಯದು. ಜೀವಂತ ಇಲಿ ಬಿಟ್ಟು ಮರೆತು ಕೂತರೆ ಅದೇ ಹಾವನ್ನು ಕಚ್ಚಿ ಹರಿಯುತ್ತದೆ. ಹಿಂದಿನ ರಾತ್ರಿ ಫ್ರೀಜರ್‌ನಿಂದ ಕೆಳಗಿನ ಫ್ರಿಜ್‌ಗೆ ಇಳಿಸಿ. ಕೊಡುವ ಹೊತ್ತಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸ್ನಾನದ ನೀರಿನಷ್ಟು ಬಿಸಿ ನೀರಿನಲ್ಲಿಡಿ. ಬೆರಳಿನಿಂದ ಹೊಟ್ಟೆ ಒತ್ತಿ ನೋಡಿ, ನಡುವೆ ಐಸ್ ಗಟ್ಟಿ ಸಿಗಬಾರದು. ಮೈಕ್ರೋವೇವ್ ಬೇಡ, ಹೊರಗೆ ಬೆಂದು ಒಳಗೆ ಹಸಿ ಉಳಿಯುತ್ತದೆ. ಒರೆಸಿ, ಉದ್ದ ಇಕ್ಕಳದಲ್ಲಿ ಬಾಲ ಹಿಡಿದು ತೋರಿಸಿ. ಬಾಲ್ ಪೈಥಾನ್‌ನ ಮೇಲ್ದುಟಿಯ ಅಂಚಿನಲ್ಲಿ ಶಾಖ ಗುರುತಿಸುವ ಗುಳಿಗಳಿವೆ. ತಣ್ಣಗಿದ್ದರೆ ಮೂಸಿ ನೋಡಿ ಹೋಗಿಬಿಡುತ್ತದೆ.

ಕೆಲವೊಮ್ಮೆ ಬಿಸಿ ಇದ್ದರೂ ಬೇಡ ಅನ್ನುತ್ತದೆ. ಕಣ್ಣು ಮಸುಕು ನೀಲಿಯಾಗಿದ್ದರೆ ಪೊರೆ ಬಿಡೋಕೆ ರೆಡಿಯಾಗಿದೆ ಅಂತ ತಿಳಿದು ಕಾಯಿರಿ. ಹೊಸ ಮನೆಗೆ ಬಂದ ಮೊದಲ ವಾರವೂ ಹಾಗೇ. ದೊಡ್ಡ ಬಾಲ್ ಪೈಥಾನ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಕೂರೋದು ಮಾಮೂಲು. ತಕ್ಕಡಿಯಲ್ಲಿ ತೂಕ ಇಳಿಯದಿದ್ದರೆ ಚಿಂತೆ ಬೇಡ. ಶೇ. 10ಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರ್. ನಿಮ್ಮದು ಇನ್ನೂ ಮರಿ, ಅದಕ್ಕೆ ಅಷ್ಟು ದಿನ ಕಾಯಬೇಡಿ. ಮೂರು ನಾಲ್ಕು ವಾರ ಸತತವಾಗಿ ಬಿಟ್ಟರೆ ಮೊದಲು ಡಬ್ಬಿಯ ಬಿಸಿ ನೋಡಿ, ಆಮೇಲೆ ಇಲಿಯ ಅಳತೆ ಒಂದು ಹಂತ ಇಳಿಸಿ.

ನೀವು ಕೇಳದ ಒಂದು ವಿಷಯ: ಕಾಗದಪತ್ರ. ಬಾಲ್ ಪೈಥಾನ್ ಸೈಟಿಸ್, ಅಂದರೆ ಅಪಾಯದಲ್ಲಿರುವ ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಹಾವು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಗೆಳೆಯರ ಹೆಸರಿನಲ್ಲಿ ನೋಂದಣಿ ಇದೆಯಾ ಕೇಳಿ, ಇದ್ದರೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇದನ್ನು ಓದಿ ಹೊಲದ ಕೇರೆ ಹಾವನ್ನೋ ಮಣ್ಣುಮುಕ್ಕನನ್ನೋ ಡಬ್ಬಿಗೆ ಹಾಕುವ ಯೋಚನೆ ಯಾರಿಗಾದರೂ ಬಂದರೆ ಕೈಬಿಡಿ, ನಮ್ಮ ನೆಲದ ಹಾವು ಸಾಕುವುದು ಅಪರಾಧ. ನಿಮ್ಮ ಹಾವಿನ ನಡು ಮತ್ತು ಕೊಡುತ್ತಿರುವ ಇಲಿ ಎರಡನ್ನೂ ಒಂದು ಸ್ಕೇಲ್ ಪಕ್ಕ ಇಟ್ಟು ಫೋಟೋ ಹಾಕಿದರೆ ಅಳತೆ ನೋಡಿ ಹೇಳುತ್ತೇನೆ.