ಮಳೆ ಜೋರಿದೆ ಎಂದದ್ದಕ್ಕೆ ಕ್ಷಮಾಪಣೆ ಪತ್ರವೇ?

ಪ್ರಶ್ನೆ: ನಾನು ಸುಂಟಿಕೊಪ್ಪದವಳು, ವಯಸ್ಸು 27. ಮಡಿಕೇರಿ ಸಮೀಪದ ರೆಸಾರ್ಟೊಂದರ ಸ್ವಾಗತ ವಿಭಾಗದಲ್ಲಿ ಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹೊಸ ಮ್ಯಾನೇಜರ್ ಆದೇಶಗಳನ್ನೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುತ್ತಾರೆ. ನಾವು ‘ಓಕೆ ಸರ್’ ಎನ್ನಬೇಕು, ಅಷ್ಟೆ. ಭಾರಿ ಮಳೆಯ ಆರೆಂಜ್ ಅಲರ್ಟ್ ಇದ್ದ ದಿನ ‘ಮಾಂದಲ್‌ಪಟ್ಟಿ ಬೆಟ್ಟಕ್ಕೆ ಜೀಪ್ ಹೋಗುತ್ತದೆ, ಏನೂ ಭಯವಿಲ್ಲ ಎಂದು ಅತಿಥಿಗಳಿಗೆ ಹೇಳಿ’ ಎಂದರು. ‘ಹಾಗೆ ಹೇಳಲಾರೆ. ಬೆಂಗಳೂರಿನಿಂದ ಬಂದವರಿಗೆ ಇಲ್ಲಿಯ ಮಳೆ ಏನು ಗೊತ್ತು?’ ಎಂದು ಗುಂಪಿನಲ್ಲೇ ಬರೆದೆ. ಈಗ ‘ಇನ್ನು ಮುಂದೆ ಆಡಳಿತದ ಬಗ್ಗೆ ಯಾವುದೇ ಅಭಿಪ್ರಾಯ ವ್ಯಕ್ತಪಡಿಸುವುದಿಲ್ಲ’ ಎಂಬ ಕ್ಷಮಾಪಣೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಅಪ್ಪ ಇದೇ ಮಾಲೀಕರ ತೋಟದಲ್ಲಿ ರೈಟರ್ (ಲೆಕ್ಕಪತ್ರ ನೋಡುವವರು) ಆಗಿದ್ದವರು. ‘ಅವರ ಉಪ್ಪು ತಿಂದಿದ್ದೇವೆ, ಸಹಿ ಹಾಕಿ ಸುಮ್ಮನಿರು’ ಎನ್ನುತ್ತಾರೆ. ಸಂವಿಧಾನದ ವಾಕ್ ಸ್ವಾತಂತ್ರ್ಯ ಕೆಲಸದ ಜಾಗಕ್ಕಿಲ್ಲವೇ?

ಉತ್ತರ: ಆ ಪತ್ರಕ್ಕೆ ಸಹಿ ಹಾಕಬೇಡಿ. ಬದಲಿಗೆ ನೀವೇ ಒಂದು ಪತ್ರ ಬರೆದುಕೊಡಿ. ಅದರಲ್ಲಿ ಏನಿರಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಸಂವಿಧಾನದ ಮಾತು. ವಾಕ್ ಸ್ವಾತಂತ್ರ್ಯ ಕೊಡುವ 19(1)(ಎ) ವಿಧಿ ಮುಖ್ಯವಾಗಿ ಸರ್ಕಾರದ ಎದುರು ನಮ್ಮನ್ನು ಕಾಯುವಂಥದ್ದು. ಖಾಸಗಿ ರೆಸಾರ್ಟಿನ ಮ್ಯಾನೇಜರ್ ಮುಂದೆ ಅದನ್ನು ಹಿಡಿದು ನಿಂತರೆ ಹೆಚ್ಚೇನೂ ದಕ್ಕುವುದಿಲ್ಲ. ನಿಮಗೆ ಆಸರೆಯಾಗುವುದು ಅದಕ್ಕಿಂತ ಸಪ್ಪೆಯಾದ ಒಂದು ಕಾನೂನು. ಸಂಸ್ಥೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಬರುವುದಾದರೆ, ಆರು ತಿಂಗಳು ಸತತ ಸೇವೆ ಸಲ್ಲಿಸಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿನ ಸಂಬಳ ಕೊಡದೆ ತೆಗೆಯುವಂತಿಲ್ಲ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಗುಂಪಿನ ಆ ಸಂಭಾಷಣೆಯ ಸ್ಕ್ರೀನ್‌ಶಾಟ್ ಎಲ್ಲವನ್ನೂ ಇಂದೇ ತೆಗೆದಿಟ್ಟುಕೊಳ್ಳಿ.

ಇನ್ನು ನೀವು ಬರೆದ ಎರಡು ವಾಕ್ಯಗಳು. ನೀವು ಅವೆರಡನ್ನೂ ಒಂದೇ ಎಂದುಕೊಂಡಿದ್ದೀರಿ, ನಿಮ್ಮ ಮ್ಯಾನೇಜರ್ ಕೂಡ ಹಾಗೆಯೇ ಅಂದುಕೊಂಡಿದ್ದಾರೆ. ಮೊದಲನೆಯದು ನಿಮ್ಮ ಕೆಲಸದ್ದೇ ಭಾಗ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದುದನ್ನು ಕಂಡ ಜಿಲ್ಲೆಯಲ್ಲಿ, ಭಯವಿಲ್ಲವೆಂದು ಅತಿಥಿಗೆ ಸುಳ್ಳು ಹೇಳಲಾರೆ ಎನ್ನಲು ಯಾರ ಅನುಮತಿಯೂ ಬೇಕಿಲ್ಲ. ಗುಂಪಿನಲ್ಲೇ ಹೇಳಿದ್ದೂ ಸರಿ. ಜೀಪ್ ಹೊರಡುವ ಮೊದಲು ಎಲ್ಲರಿಗೂ ಗೊತ್ತಾಗಬೇಕಿತ್ತು. ಎರಡನೆಯ ವಾಕ್ಯ ಇಪ್ಪತ್ತು ಜನರ ಮುಂದೆ ಒಬ್ಬ ಮನುಷ್ಯನನ್ನು ಹಂಗಿಸಿತು. ಅದು ನಿಜವೇ ಇರಬಹುದು (ಇಲ್ಲಿಯ ಮಳೆ ಬೆಂಗಳೂರಿನವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ), ಆದರೆ ಮಳೆಯ ವಿಷಯ ಬಿಟ್ಟು ಮರ್ಯಾದೆಯ ವಿಷಯ ಹಿಡಿಯಲು ಅವರಿಗೆ ನೆಪ ಕೊಟ್ಟದ್ದು ಅದೇ.

ಅವರ ಆಡಳಿತದ ರೀತಿ ಹೊಸದೇನಲ್ಲ. ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರು 1939ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹತ್ತು ವರ್ಷದ ಹುಡುಗರ ಗುಂಪುಗಳಿಗೆ ಬೇರೆ ಬೇರೆ ಸ್ವಭಾವದ ಮುಂದಾಳುಗಳನ್ನು ಕೊಟ್ಟು ನೋಡಿದರು. ಬರೀ ಅಪ್ಪಣೆ ಕೊಡುವವನ ಕೆಳಗೆ ಕೆಲಸ ನಡೆಯಿತು, ಅವನು ಕೋಣೆಯಿಂದ ಆಚೆ ಹೋದೊಡನೆ ಕುಸಿಯಿತು. ಎಲ್ಲರನ್ನೂ ಕೇಳಿ ನಡೆಸುವವನು ಹೋದರೂ ಕೆಲಸ ಸಾಗುತ್ತಿತ್ತು. ‘ಓಕೆ ಸರ್’ ಗುಂಪುಗಳಲ್ಲಿ ಇನ್ನೂ ಒಂದು ನಷ್ಟವಿದೆ: ಗೀಸರ್ ಕೆಟ್ಟ ಸುದ್ದಿ ಕೂಡ ಅತಿಥಿ ಬೈದ ಮೇಲೆಯೇ ಮ್ಯಾನೇಜರಿಗೆ ತಲುಪುತ್ತದೆ. ಇದನ್ನು ಅವರಿಗೆ ಕಲಿಸುವ ಹೊಣೆ ನಿಮ್ಮದಲ್ಲ. ಮಾಲೀಕರದು.

ಹಾಗಾಗಿ ಪತ್ರ ಹೀಗಿರಲಿ: ‘ಗುಂಪಿನಲ್ಲಿ ನಿಮ್ಮ ಬಗ್ಗೆ ವೈಯಕ್ತಿಕವಾಗಿ ಬರೆದ ಮಾತಿಗೆ ವಿಷಾದಿಸುತ್ತೇನೆ. ಅತಿಥಿಗಳ ಸುರಕ್ಷತೆಯ ಬಗ್ಗೆ ಹೇಳಿದ್ದಕ್ಕೆ ಬದ್ಧಳಾಗಿದ್ದೇನೆ. ಮುಂದೆಯೂ ಅಂಥ ಮಾಹಿತಿಯನ್ನು ತಕ್ಷಣ ತಿಳಿಸುತ್ತೇನೆ.’ ಇದಕ್ಕಿಂತ ಒಂದು ಪದವೂ ಹೆಚ್ಚು ಬೇಡ. ದಿನಾಂಕ ಹಾಕಿ, ಮಾಲೀಕರಿಗೂ ಒಂದು ಪ್ರತಿ ಕೊಡಿ. ಒಪ್ಪದೆ ಕೆಲಸದಿಂದ ತೆಗೆದರೆ ಮಡಿಕೇರಿಯಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕೆಂದು ಕಾನೂನೇ ಹೇಳುತ್ತದೆ. ನಿಮ್ಮಲ್ಲಿ ಇದೆಯೇ ಎಂದು ವಿಚಾರಿಸಿ.

ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕುವುದಿಲ್ಲ. ರೈಟರ್ ಆಗಿದ್ದವರಿಗೆ ಧಣಿಯ ಮನೆಯ ಋಣ ದೊಡ್ಡದಾಗಿ ಕಾಣುವುದು ಸಹಜ. ಆದರೆ ಆ ಋಣವಿರುವುದು ಮಾಲೀಕರ ಜೊತೆ, ನಿನ್ನೆ ಮೊನ್ನೆ ಬಂದ ಮ್ಯಾನೇಜರ್ ಜೊತೆಯಲ್ಲ. ಆ ಪ್ರತಿಯನ್ನು ಮಾಲೀಕರ ಕೈಗೆ ಕೊಡಲು ಹೋಗುವಾಗ ತಂದೆಯವರನ್ನೂ ಕರೆದುಕೊಂಡು ಹೋಗಿ. ಆದರೆ ಅಲ್ಲಿ ಮಾತನಾಡುವವರು ನೀವೇ ಆಗಿರಿ.