ಅಮ್ಮನ ಟೇಪು, ಆನೆಯ ಹೆಜ್ಜೆ

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಸೌಮ್ಯ ಬಿಎಸ್ಸಿ ಕೊನೆಯ ವರ್ಷ. ಹುಣಸೂರಿನ ಕಡೆ, ನಾಗರಹೊಳೆ ಕಾಡಿನ ಅಂಚಿನ ಹಳ್ಳಿಯವಳು. ಮುಂದೆ ಏನು ಓದೋದು ಅಂತ ಸಲಹೆ ಕೇಳೋಕೆ ಅಪ್ಪನ ಜೊತೆ ನನ್ನ ಹತ್ತಿರ ಬಂದಿದ್ದಳು. ಇಂಗ್ಲೆಂಡಿಗೆ ಹೋಗಿ ವನ್ಯಜೀವಿ ವಿಷಯದಲ್ಲಿ ಎಂಎಸ್ಸಿ ಮಾಡಬೇಕು ಅನ್ನೋದು ಆಸೆ. ಒಂದು ಕನ್ಸಲ್ಟೆನ್ಸಿಯವರು ಎಲ್ಲಾ ಸೇರಿ 35 ಲಕ್ಷ ಅಂದಿದ್ದರಂತೆ. ಒಂದೆಕರೆ ಮಾರೋದು, ಉಳಿದದ್ದಕ್ಕೆ ಸಾಲ ಅಂತ ಮನೆಯಲ್ಲಿ ಲೆಕ್ಕ ನಡೆದಿತ್ತು.

ಅಪ್ಪ ಕೂತ ಕೂಡಲೇ ಕೇಳಿದರು: "ಆನೆ ನೋಡಕ್ಕೆ ಫಾರಿನ್ನಿಗೆ ಯಾಕೋಗ್ಬೇಕು ಮೇಡಂ? ರಾತ್ರಿ ಆದ್ರೆ ನಮ್ಮ ಹೊಲಕ್ಕೇ ಬತ್ತವಲ್ಲ!"

ನನಗೆ ನಗು ಬಂತು. ಸೌಮ್ಯ ನಗಲಿಲ್ಲ. ರಾಗಿ ತೆನೆ ಬಲಿಯುವ ಹೊತ್ತಿಗೆ ಅಪ್ಪ ಪಟಾಕಿ ಹಿಡಿದು ಅಟ್ಟಣೆ ಮೇಲೆ ನಿದ್ದೆಗೆಡೋದನ್ನು ಚಿಕ್ಕಂದಿನಿಂದ ನೋಡಿದವಳು.

ಅಪ್ಪನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. "ಅಲ್ಲಿ ಏನು ಓದ್ತೀಯಮ್ಮ?" ಅಂದರೆ ಬ್ರೋಷರ್‌ನಲ್ಲಿದ್ದದ್ದನ್ನೇ ಒಪ್ಪಿಸಿದಳು. "ಇಲ್ಲಿ ಏನು ನೋಡಿದ್ದೀಯ?" ಅಂದಾಗ ಬ್ಯಾಗಿನಿಂದ 200 ಪುಟದ ನೋಟ್‌ಬುಕ್ ಹೊರಬಂತು. ಎರಡು ವರ್ಷದ ಲೆಕ್ಕ. ಆನೆ ಬಂದ ತಾರೀಕು, ಯಾವ ದಿಕ್ಕಿನಿಂದ, ಏನು ತಿಂತು, ಏನನ್ನು ಬರೀ ತುಳಿದು ಹೋಯ್ತು. ಬೆಳಿಗ್ಗೆ ಹಸಿ ಮಣ್ಣಲ್ಲಿ ಮುಂಗಾಲಿನ ಹೆಜ್ಜೆ ಸಿಕ್ಕರೆ ಅಮ್ಮನ ಹೊಲಿಗೆ ಟೇಪಿನಲ್ಲಿ ಅದರ ಸುತ್ತಳತೆ. ಅದರ ಎರಡರಷ್ಟು ಅಂದರೆ ಹೆಚ್ಚುಕಮ್ಮಿ ಆನೆಯ ಭುಜದ ಎತ್ತರ. ಆ ಅಂದಾಜಿನಲ್ಲಿ ನಾಲ್ಕು ಆನೆಗಳನ್ನು ಬೇರೆ ಮಾಡಿ ಬರೆದಿದ್ದಳು.

"ಯಾರಿಗಾದ್ರೂ ತೋರಿಸಿದ್ದೀಯಾ?"

"ಇಲ್ಲ ಮೇಡಂ. ಇದು ಸುಮ್ನೆ ಬರ್ಕೊಂಡಿದ್ದು."

ತೊಡಕು ಇದ್ದದ್ದು ಆ 'ಸುಮ್ನೆ'ಯಲ್ಲಿ. ಹಣದ ಮಾತು ಆಮೇಲಿನದು.

ಹೋಗಬೇಡ ಅಂತ ನಾನು ಹೇಳಲಿಲ್ಲ. ಈಗಲೇ, ಈ ದಾರಿಯಲ್ಲಿ ಬೇಡ ಅಂದೆ. ಡಿಗ್ರಿ ಮುಗಿದ ಕೂಡಲೇ ದೊಡ್ಡ ಸ್ಕಾಲರ್‌ಶಿಪ್ ಸಿಗೋದು ಕಷ್ಟ. ಬ್ರಿಟನ್ ಸರ್ಕಾರ ಕೊಡುವ ಚೀವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ, ಅಮೆರಿಕದಲ್ಲಿ ಓದೋಕೆ ಕೊಡುವ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್‌ಗೆ ಮೂರು ವರ್ಷ. ಅದೇ ಅಮೆರಿಕದಲ್ಲಿ ಪಿಎಚ್‌ಡಿಗೆ ಸೇರಿದವರಿಗೆ ಸಾಮಾನ್ಯವಾಗಿ ಅಸಿಸ್ಟೆಂಟ್‌ಶಿಪ್, ಅಂದರೆ ಪಾಠಕ್ಕೋ ಸಂಶೋಧನೆಗೋ ನೆರವಾಗುವ ಕೆಲಸ, ಇರುತ್ತೆ. ಫೀಸು ಮನ್ನಾ, ತಿಂಗಳ ಖರ್ಚಿಗೂ ದುಡ್ಡು. ಆದರೆ ಮೊದಲು ಒಬ್ಬ ಪ್ರೊಫೆಸರ್ ಒಪ್ಪಬೇಕು, ಅವರಿಗೆ ಬೇಕಾಗಿರೋದು ಫೀಲ್ಡಿನಲ್ಲಿ ಪಳಗಿದ ಹುಡುಗರು. ಕನ್ಸಲ್ಟೆನ್ಸಿಯವರು ಈ ದಾರಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಅದರಲ್ಲಿ ಅವರಿಗೆ ಕಮಿಷನ್ ಎಲ್ಲಿಂದ ಬರಬೇಕು, ಅಲ್ವಾ?

ಆದ್ದರಿಂದ ಎಂಎಸ್ಸಿ ಇಲ್ಲೇ ಮಾಡು ಅಂದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ಕೋರ್ಸಿದೆ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇದೆ. ಎರಡಕ್ಕೂ ಪೈಪೋಟಿ ಜಾಸ್ತಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ವನ್ಯಜೀವಿ ವಿಭಾಗ ಇದೆ, ಅದಕ್ಕೂ ಅರ್ಜಿ ಹಾಕಿಡು. ನೋಟ್‌ಬುಕ್ಕನ್ನು ಎರಡು ಪುಟದ ಇಂಗ್ಲಿಷ್ ವರದಿ ಮಾಡಿ ಆನೆಗಳ ಮೇಲೆ ಕೆಲಸ ಮಾಡುವವರಿಗೆ ಮೇಲ್ ಮಾಡು. ವ್ಯಾಕರಣ ತಪ್ಪಿದರೆ ತಪ್ಪಲಿ. ಅಳತೆಯೆಲ್ಲ ಬೆಳಕು ಹರಿದ ಮೇಲೆ, ಆನೆ ಕಾಡಿಗೆ ಮರಳಿದ್ದು ಗೊತ್ತಾದ ಮೇಲೆ, ನಿಮ್ಮ ಹೊಲದಲ್ಲಿ ಮಾತ್ರ. ಕಾಡಿನೊಳಗೆ ಹೋಗಿ ಅಳೆಯೋದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಅಪ್ಪನನ್ನು ಒಳಗೆ ಕರೆದು ಜಮೀನು ಮಾರೋ ಮಾತು ಸದ್ಯಕ್ಕೆ ಬಿಡಿ ಅಂದೆ. ಖುಷಿಯಾಗ್ತಾರೆ ಅಂದುಕೊಂಡಿದ್ದೆ. ಮುಖ ಇಳಿದುಹೋಯ್ತು. "ಹಂಗಾರೆ ಇವಳು ಹೋಗದೇ ಇಲ್ವಾ?" ಫಾರಿನ್ ಯಾಕೆ ಅಂದವರೂ ಅವರೇ! ಆಗ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರ ವಿಷಯ ಹೇಳಿದೆ. ಓದಿದ್ದು ಎಂಜಿನಿಯರಿಂಗ್. ಅಮೆರಿಕದ ಫ್ಲಾರಿಡಾದಲ್ಲಿ ವನ್ಯಜೀವಿ ಓದಿ 1988ರಲ್ಲಿ ಸ್ನಾತಕೋತ್ತರ ಪದವಿ ಪಡೆದಾಗ ವಯಸ್ಸು 40ರ ಆಸುಪಾಸು. ಹುಲಿಗಳ ಮೇಲೆ ಹೆಸರಾದ ಕೆಲಸ ಮಾಡಿದ್ದು ಇದೇ ನಾಗರಹೊಳೆಯಲ್ಲಿ. "ನಿಮ್ಮ ಮಗಳಿಗಿನ್ನೂ 21."

ನಾಲ್ಕು ತಿಂಗಳ ಮೇಲೆ ಸೌಮ್ಯ ಒಬ್ಬಳೇ ಬಂದಳು. ಎಂಟು ಮೇಲ್‌ಗೆ ಬಂದ ಉತ್ತರ ಒಂದೇ. ಅದೂ ಒಂದು ಫಾರ್ಮ್ ಕಳಿಸಿ ಹೆಜ್ಜೆಯ ಅಳತೆಗಳನ್ನು ಅದರಲ್ಲಿ ತುಂಬಿಸಿ ಕೊಡಿ ಅಂತ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ, ಇಂಗ್ಲಿಷಿನ ಭಯ ಹೋಗಿಲ್ಲ. ಹಿಂದಿನ ವಾರ ಬೆಳಿಗ್ಗೆ ಅಪ್ಪ ಹೊಲದಿಂದ ಹಾಸ್ಟೆಲ್ಲಿಗೆ ಫೋನ್ ಮಾಡಿದ್ದರಂತೆ: "ದೊಡ್ಡ ಹೆಜ್ಜೆ ಸಿಕ್ಕದೆ ಕಣವ್ವ. ಮೇಕೆ ತುಳಿದುಬುಟ್ಟಾವು ಅಂತ ಮಂಕರಿ ಮುಚ್ಚಿವ್ನಿ. ಟೇಪು ತಕ್ಕಂಡು ಬಾ."