ಪ್ರ: ಹಳೇ ಬಿಲ್ಲಿಂಗ್ ಆಪ್ ನೋಡಿಕೊಳ್ಳೋಕೆ ಎಷ್ಟು ಕೇಳಲಿ?

ಗಂಗಾವತಿಯಲ್ಲೇ ಇದ್ದು ರೈಸ್ ಮಿಲ್‌ನವರ ಹಳೇ ವೆಬ್ ಆಪ್ ಮೇಂಟೇನ್ ಮಾಡೋಕೆ ರೇಟ್ ಹೆಂಗೆ ಹೇಳಬೇಕು ಅಂತ ಕೇಳಿದೀರಿ. ಕೆಲಸ ಒಪ್ಪಿಕೊಳ್ರಿ ಸರ್, ಆದರೆ ಕೋಡ್ ನೋಡದೆ ರೇಟ್ ಬಾಯಿ ಬಿಡಬ್ಯಾಡ್ರಿ. ಬಳ್ಳಾರಿಯ ಒಂದು ಜೀನ್ಸ್ ಅಂಗಡಿಗೆ ಫೋನಲ್ಲೇ ರೇಟ್ ಹೇಳಿ ಸಿಕ್ಕಿಬಿದ್ದವ ನಾನು. ತೆಗೆದು ನೋಡಿದರೆ ಆಪ್ ಇದ್ದದ್ದು ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹಳೇ 5.6 ಆವೃತ್ತಿಯಲ್ಲಿ, ಅದರ ಸಪೋರ್ಟ್ 2018ರ ಕೊನೆಗೇ ಮುಗಿದಿತ್ತು. ‘ಇಂಡೆಕ್ಸ್ ನ್ಯೂ 2 ಫೈನಲ್’ ಅನ್ನೋ ಫೈಲೇ ಲೈವ್, ಅಂದರೆ ಅಂಗಡಿಯವರು ದಿನಾ ಬಳಸೋದು ಅದನ್ನೇ! ಡೊಮೇನ್ (ಸೈಟಿನ ವಿಳಾಸ) ಹಳೇ ಡೆವಲಪರ್ ಹೆಸರಲ್ಲಿ, ಅವನ ಫೋನ್ ಸ್ವಿಚ್ ಆಫ್.

ಅದಕ್ಕೇ ಮೊದಲು ಡೊಮೇನ್, ಹೋಸ್ಟಿಂಗ್ (ಆಪ್ ಇಡೋ ಸರ್ವರ್ ಜಾಗ) ಎರಡೂ ಮಾಲೀಕರ ಹೆಸರಿಗೆ ಬರಲಿ. ಬ್ಯಾಕಪ್ ಐತಿ ಅಂದರೆ ನಂಬಬ್ಯಾಡ್ರಿ, ನಿಮ್ಮ ಲ್ಯಾಪ್‌ಟಾಪಿಗೆ ಇಳಿಸಿ ಓಡಿಸಿ ನೋಡ್ರಿ. ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡೋ ಗಿಟ್ ಇರೋದಿಲ್ಲ, ನೀವೇ ಹಾಕಿಕೊಳ್ರಿ. ಈ ಎರಡು ಮೂರು ದಿನದ ತಪಾಸಣೆಗೂ ದುಡ್ಡು ತಗೊಳ್ರಿ, ಪುಕ್ಕಟೆ ಮಾಡಿದರೆ ಮುಂದೂ ಪುಕ್ಕಟೆನೇ.

ಆಮೇಲೆ ತಿಂಗಳಿಗೆ ಇಷ್ಟು ತಾಸು, ಇಷ್ಟು ರೂಪಾಯಿ ಅಂತ ಬರೆದುಕೊಡ್ರಿ. ಅಪ್‌ಡೇಟ್, ಬ್ಯಾಕಪ್, ಎಸ್‌ಎಸ್‌ಎಲ್ (ಸೈಟಿನ ಸುರಕ್ಷತಾ ಸರ್ಟಿಫಿಕೇಟ್) ಅದರೊಳಗೆ. ‘ಒಂದು ಸಣ್ಣ ಬಟನ್ ಅಷ್ಟೇ’ ಅನ್ನೋದೆಲ್ಲ ಬೇರೆ ಬಿಲ್. ವರ್ಷಕ್ಕೆ 20 ಲಕ್ಷ ದಾಟೋವರೆಗೆ ಜಿಎಸ್‌ಟಿ ಚಿಂತೆ ಸಾಮಾನ್ಯವಾಗಿ ಇಲ್ಲ. ಭತ್ತದ ಸೀಸನ್‌ನಲ್ಲಿ ಮಾತ್ರ ಲೈವ್ ಸರ್ವರ್ ಮುಟ್ಟಬ್ಯಾಡ್ರಿ.